ಗುಬ್ಬಿ ಎಣಿಸುವ ಆಯಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಮುಂಜಾನೆ ಆಸ್ಪತ್ರೆಯಿಂದ ಬೆಟಗೇರಿಯ ನಮ್ಮ ಮನೆಗೆ ಬಂದಳು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬರೆದು ರೂಢಿಯಿಲ್ಲ. ಆದರೆ ಈ ಸಂತೋಷ ಹೊಟ್ಟೆಯೊಳಗೆ ಹಿಡಿಸುತ್ತಿಲ್ಲ. ಮಧ್ಯಾಹ್ನ ನನ್ನ ಮಗ, "ಯವ್ವಾ, ಥಂಡಿ ಭಾಳ ಐತಿ" ಎಂದು ಬೋಗುಣಿ ತುಂಬ ಕೆಂಡ ತಂದು ಬಾಣಂತಿಯ ಕೋಣೆಯೊಳಗೆ ಇಟ್ಟ. ನಾನು ಚೀರಿಬಿಟ್ಟೆ. ಆಗ ನೆನಪಾದವಳು ಹಿಂದೆ ಬಾಜೂ ಮನೆಯಲ್ಲಿದ್ದ ಆಯಿ.

ಆಯಿಯ ಎಡಗೈ ಹೆಬ್ಬೆರಳು ಸೂಜಿ ಚುಚ್ಚಿ ಚುಚ್ಚಿ ಜರಡಿಯಾಗಿತ್ತು. ಹಳೆ ಸೀರೆ ಕೂಡಿಸಿ ಕೌದಿ ಹೊಲಿದುಕೊಡುವ ಒಂಟಿ ಮುದುಕಿ. ಚಳಿಗಾಲ ಬಂತೆಂದರೆ ಹಿತ್ತಲ ಗೋಡೆಗೆ ಬೆನ್ನು ಕೊಟ್ಟು, ಎಳೆಬಿಸಿಲಲ್ಲಿ ಹೊಲಿಯುತ್ತ ಗುಬ್ಬಿ ಎಣಿಸುವಳು. ಅಳಿಲಿಗೆ ಚಿಂದಿ ಎಸೆದು, ಅದು ಕಚ್ಚಿಕೊಂಡು ಬೇವಿನ ಮರ ಏರಿದರೆ, "ಹೊಚ್ಚಿಗೋಳಲೇ, ಹೊಚ್ಚಿಗೋ" ಎಂದು ನಗುವಳು. ನಮ್ಮ ಅತ್ತೆಗೆ ಅದು ಆಗದು. "ಹಕ್ಕಿ ಎಣಿಸಿದ್ರ ರೊಟ್ಟಿ ಹುಟ್ತಾವೇನ?" ಎಂದು ಗೋಡೆ ಮೇಲಿಂದ ಕೆಣಕುವರು.

ನಾನು ಮೊದಲ ಸಲ ಹೆತ್ತದ್ದು ಕನ್ನಡ ನಾಡು ಒಂದಾದ ವರ್ಷ. ಗಂಡಸರಿಗೆ ಚಹದಂಗಡಿಯಲ್ಲಿ ಅದೇ ಮಾತು. ನನ್ನ ತವರು ಲಕ್ಷ್ಮೇಶ್ವರ. ತಾಯಿ ತೀರಿದ್ದರಿಂದ ಚೊಚ್ಚಲ ಬಾಣಂತನ ಅತ್ತೆಯ ಮನೆಯಲ್ಲೇ. ಆ ಸಲದ ಚಳಿ ಕೆಟ್ಟದ್ದು. ಆಯಿ ದಿನಾ ಬಂದು ಗುಬ್ಬಿ ಲೆಕ್ಕ ಹೇಳುವಳು: "ನಿನ್ನೆ ಹದಿನಾಲ್ಕು ಇದ್ದವು. ಇವತ್ತು ಒಂಬತ್ತು." ಮಿಕ್ಕವು ಬಾಣಂತಿ ಕೋಣೆಯ ಜಂತಿಯ ಸಂದಿಗೆ ಬಂದು ಸೇರಿದ್ದವು. ಬೆಚ್ಚಗಿನ ಜಾಗ ಅದೊಂದೇ.

ಗಂಡುಕೂಸಿಗೆ ಒಂಬತ್ತು ದಿನ. ಗಾಳಿ ಬೀಸುತ್ತಿತ್ತೆಂದು ಅತ್ತೆ ನಾನು ಮಲಗಿದ್ದ ಹೊರಸಿನ ಕೆಳಗಿನ ಬೋಗುಣಿಗೆ ಇದ್ದಿಲ ಕೆಂಡ ಇನ್ನಷ್ಟು ಸುರಿದು, ಕಿಟಕಿಗೆ ಕೌದಿ ತುರುಕಿ, ಬಾಗಿಲು ಎಳೆದುಕೊಂಡು ಹೋದರು. ಪ್ರೀತಿಯಿಂದಲೇ ಮಾಡಿದ್ದು. ಹೊತ್ತು ಇಳಿಯುವಾಗ ನನ್ನ ತಲೆ ಭಾರವಾಗಿ, ಕೈ ಏಳದಾಯಿತು. ಕೂಸು ಅಳುತ್ತಿರಲಿಲ್ಲ. ಚೆನ್ನಾಗಿ ಮಲಗಿದೆ ಎಂದುಕೊಂಡೆ. ಹೊರಗೆ ಆಯಿ ಅತ್ತೆಗೆ ಹೇಳುತ್ತಿದ್ದ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸಿತು.

"ಯಕ್ಕಾ, ನಿಮ್ಮ ಗುಬ್ಬಿ ಎಲ್ಲಾ ಹೊರಗ ಬಂದು ನಡಗಾಕ ಹತ್ಯಾವು. ಒಂದು ಸತ್ತು ಬಿದ್ದೈತಿ."

"ಬಿದ್ರ ಬೀಳವಲ್ದ್ಯಾಕ, ನಿನಗೇನು?"

"ಥಂಡಿಗೆ ಅಂಜಿ ಒಳಗ ಹೋದವು, ಈಗ ಥಂಡ್ಯಾಗ ಬಂದು ಕುಂತಾವು. ಒಳಗಿಂದು ಥಂಡಿಗಿಂತ ಕೆಟ್ಟೈತಿ. ಬಾಗಲಾ ತಗಿ!"

"ಬಾಣಂತಿ ಬಾಗಲಾ ತಗದು ಕೂಸಿಗೆ ಗಾಳಿ ಬಡಸ್ಲೇನ?"

ಆಯಿ ಗೋಡೆ ಹಾರಿ ಬಂದು ಬಾಗಿಲು ಒದ್ದಳು. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಕುಡಿದು ಕೂಸಿನ ಮೈ ತೊಟ್ಟಿಲಲ್ಲಿ ಜೋತುಬಿದ್ದಿತ್ತಂತೆ. ಅವನನ್ನು ತನ್ನ ಬರಿ ಎದೆಗೆ ಅವಚಿಕೊಂಡು ಆ ಕೊರೆಯುವ ಗಾಳಿಯಲ್ಲಿ ಹಿತ್ತಲ ತುಂಬ ತಿರುಗಿದಳು. ನನ್ನನ್ನು ಅತ್ತೆ ಎಳೆದು ತಂದು ಅಂಗಳದಲ್ಲಿ ಮಲಗಿಸಿದರು. ಅವನು ಅತ್ತದ್ದು ಎಷ್ಟೋ ಹೊತ್ತಿನ ಮೇಲೆ, ಬೆಕ್ಕಿನ ಮರಿಯಂತೆ. ಅತ್ತೆ ಅಲ್ಲೇ ಬಗ್ಗಿ ಆಯಿಯ ಕಾಲು ಹಿಡಿದರು.

ಆಮೇಲೊಮ್ಮೆ ನಾನು ಆಯಿಗೆ ಉಪಕಾರ ಹೇಳಹೋದರೆ, "ನಾ ಏನ್ ಮಾಡೇನವ್ವ? ನೋಡಿದೆ, ಅಷ್ಟ" ಎಂದು ಸೂಜಿಗೆ ದಾರ ಪೋಣಿಸಿದಳು. ಮುಂದಿನ ಚಳಿಗಾಲಕ್ಕೆ ಮೊದಲೇ ಮಲ್ಲಸಮುದ್ರದ ತಮ್ಮನ ಮನೆಗೆ ಹೋದವಳು ಅಲ್ಲೇ ತೀರಿಕೊಂಡಳು. ನನಗೆ ಖಬರ ಬಂದದ್ದು ಮಣ್ಣಾದ ಮೇಲೆ.

ಅಂದು ಜೋತುಬಿದ್ದ ಕೂಸೇ ಇವತ್ತು ಕೆಂಡ ತಂದ ನನ್ನ ಮಗ. ಇದನ್ನೆಲ್ಲ ಕೇಳಿದ ಮೇಲೆ ಬೋಗುಣಿಯನ್ನು ಹೊರಗೆ ಒಯ್ದು ನೀರು ಸುರಿದ. "ಹಂಗಾದ್ರ ಕೂಸಿಗೆ ಥಂಡಿ?" ಎಂದಳು ಸೊಸೆ. "ನಮ್ಮೆಲ್ಲರ ಮೈ ಐತಲ್ಲವ್ವಾ" ಎಂದೆ.

ಸಂಜೆ ಬಾಣಂತಿಯನ್ನೂ ಪಡಸಾಲೆಗೆ ಕರೆದು ನಡುವೆ ಕೂರಿಸಿಕೊಂಡು, ಮೊಣಕಾಲಿಗೆ ಮೊಣಕಾಲು ತಾಗಿಸಿ ಎಲ್ಲರೂ ಕೂತೆವು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ. ಕೂಸು ಒಬ್ಬರ ತೊಡೆಯಿಂದ ಒಬ್ಬರ ತೊಡೆಗೆ ಹೋಗುತ್ತಿತ್ತು. ಇನ್ನೊಂದು ಕೈಯಲ್ಲಿ ಕೂಸನ್ನು ಅವಚಿಕೊಂಡು, ನಾವು ಒಂದೇ ಕೈಯಲ್ಲಿ ಉಂಡೆವು.