ಕಾಂಗ್ರೆಸ್ ಹಾಕದ ಬನ್ ನಿಪ್ಪಟ್ಟು

ನನ್ನ ಅಕ್ಕನ ಮಗಳಿಗೆ ಕಡಲೆಬೀಜ ಆಗುವುದಿಲ್ಲ. ಎರಡು ವರ್ಷದವಳಾಗಿದ್ದಾಗ ಒಂದು ಚೂರು ಕಡಲೆ ಮಿಠಾಯಿ ತಿಂದು, ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದಳು. ಆಮೇಲೆ ಅಕ್ಕ ಅವಳನ್ನು ಯಾರ ಜೊತೆಗೂ ತಿನ್ನಲು ಹೊರಗೆ ಕಳಿಸಿರಲಿಲ್ಲ. ಆರು ತುಂಬಿದ ಮೇಲೆ ಒಂದು ಸಂಜೆ ನನ್ನ ಜೊತೆ ಕಳಿಸಿದಳು. ಬಿಸ್ಕತ್ತಿನ ಪೊಟ್ಟಣವನ್ನೂ ಹಿಂದೆಮುಂದೆ ಓದುವವಳು ನಾನು ಎಂಬ ನಂಬಿಕೆ ಅವಳಿಗೆ.

ಸಾರಕ್ಕಿ ಮಾರ್ಕೆಟ್ ಪಕ್ಕದ ಚಾಟ್ ಗಾಡಿಗೆ ಹೋದೆವು. ಓದುತ್ತಿದ್ದಾಗ ಟ್ಯೂಷನ್ ಮುಗಿಸಿ ಅಕ್ಕನೂ ನಾನೂ ಬನ್ ನಿಪ್ಪಟ್ಟು ತಿನ್ನುತ್ತಿದ್ದ ಗಾಡಿ ಅದು. ಬೆಣ್ಣೆ ಸವರಿದ ಬನ್ನಿನ ನಡುವೆ ಹಸಿರು ಚಟ್ನಿ, ಈರುಳ್ಳಿ, ಕ್ಯಾರೆಟ್ ತುರಿ, ಗರಿಗರಿ ನಿಪ್ಪಟ್ಟು, ಮೇಲೆ ಖಾರ ಬೆರೆಸಿದ ಕಡಲೆಬೀಜ. ಅದಕ್ಕೆ ಇಲ್ಲಿ ಕಾಂಗ್ರೆಸ್ ಅನ್ನುತ್ತಾರೆ. ಈ ಊರಲ್ಲಿ ಹುಟ್ಟಿದ ಮಗು ಇದನ್ನು ತಿನ್ನದೆ ಬೆಳೆಯಬಾರದು ಅನಿಸಿತ್ತು.

"ಅಣ್ಣ, ಕಾಂಗ್ರೆಸ್ ಹಾಕ್ಬೇಡಿ. ಚಾಕು ತೊಳ್ದುಬಿಡಿ."

"ಆಪರೇಷನ್ನಾ ಮೇಡಂ?" ಎಂದು ಗಾಡಿಯವ ನಗುತ್ತಲೇ ತೊಳೆದ. ಕಾರಣ ನಾನು ಹೇಳಲಿಲ್ಲ. ಮನೆಯ ವಿಷಯ ಹೊರಗಿನವರಿಗೆ ಹೇಳುವ ಅಭ್ಯಾಸ ನನಗಿಲ್ಲ.

ಎರಡು ತುತ್ತು ತಿಂದಳು. "ಚಿಕ್ಕಮ್ಮ, ನಾಲಿಗೆ ತುರಿಸುತ್ತೆ."

"ಖಾರ ಕಣೇ ಪುಟ್ಟಿ, ನೀರು ಕುಡಿ."

ಅವಳ ಕೆಳತುಟಿ ದಪ್ಪವಾಗುತ್ತಿತ್ತು. ಕೈಯಲ್ಲಿದ್ದ ಬನ್ ಕಸಿದುಕೊಂಡು ನೋಡಿದೆ. ಮುರಿದ ನಿಪ್ಪಟ್ಟಿನ ಅಂಚಿನಲ್ಲಿ ಬೆಳ್ಳಗೆ ಕಡಲೆಬೀಜದ ಚೂರುಗಳು. ಪ್ರತಿ ಗೋಕುಲಾಷ್ಟಮಿಗೆ ನಿಪ್ಪಟ್ಟಿನ ಹಿಟ್ಟಿಗೆ ಅದನ್ನು ತರಿತರಿಯಾಗಿ ಕುಟ್ಟಿ ಕೊಟ್ಟವಳು ನಾನೇ.

"ಮಗುಗೆ ಕಡ್ಲೆಬೀಜ ಆಗಲ್ಲ," ಎಂದೆ.

"ಮೊದ್ಲೇ ಹೇಳ್ಬಾರ್ದಾ ಮೇಡಂ? ನಿಪ್ಪಟ್ಟಲ್ಲೇ ಇರುತ್ತಲ್ಲಾ." ಅಷ್ಟರಲ್ಲಿ ಅವನು ರಸ್ತೆಗಿಳಿದು ಆಟೋ ನಿಲ್ಲಿಸಿದ್ದ.

ಸಾರಕ್ಕಿ ಸಿಗ್ನಲ್‌ನಲ್ಲಿ ಏನೂ ಅಲುಗಾಡುತ್ತಿರಲಿಲ್ಲ. ನನ್ನ ತೊಡೆಯ ಮೇಲೆ ಮಲಗಿದ್ದ ಅವಳ ಉಸಿರು ಸೀಟಿಯಂತೆ ಕೇಳುತ್ತಿತ್ತು. ಡ್ರೈವರ್ ತಿರುಗಿ ನೋಡಿ, ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯದೆ ರಾಂಗ್ ಸೈಡಿನಲ್ಲಿ ನುಗ್ಗಿದ. ಸೀಟಿ ನಿಲ್ಲದಿರಲಿ ಎಂದುಕೊಳ್ಳುತ್ತಿದ್ದೆ; ನಿಂತರೆ ಏನರ್ಥವೆಂದು ನನಗೆ ಗೊತ್ತಿತ್ತು.

ನರ್ಸಿಂಗ್ ಹೋಮಿನಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಅವಳು ಅಳತೊಡಗಿದಳು, ದೊಡ್ಡ ದನಿಯಲ್ಲಿ. ಡಾಕ್ಟರ್, "ಅಳ್ಲಿ ಬಿಡಿ, ಒಳ್ಳೇದು," ಎಂದರು.

ಅಕ್ಕ ಬಂದವಳು ಮಗಳನ್ನು ಮುಟ್ಟಿ ನೋಡಿ, ನನ್ನ ಕಡೆ ತಿರುಗಿದಳು. "ಕಾಂಗ್ರೆಸ್ ಹಾಕ್ಬಿಟ್ನಾ?"

"ಇಲ್ಲ. ನಿಪ್ಪಟ್ಟಲ್ಲಿತ್ತು."

ಅವಳು ಬೆಂಚಿನ ಮೇಲೆ ಕೂತಳು. "ನಾನಾಗಿದ್ರೂ ಕಾಂಗ್ರೆಸ್ ಹಾಕ್ಬೇಡಿ ಅಂತಷ್ಟೇ ಹೇಳ್ತಿದ್ದೆ ಕಣೇ," ಎಂದಳು.

ಅದರಿಂದ ಸಮಾಧಾನವಾಗಲಿಲ್ಲ. ಮಗು ನಿದ್ದೆ ಹೋದ ಮೇಲೂ ಅವಳ ಎದೆಯ ಮೇಲಿಟ್ಟ ಕೈ ತೆಗೆಯಲು ನನಗೆ ಧೈರ್ಯ ಬರಲಿಲ್ಲ.