‘ಇದು ಈ ಮನೇದಲ್ವಂತೆ’

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಭಾನುಪ್ರಿಯ ಸೋಲೂರಿನ ಕಡೆಗೆ ಸ್ಕೂಟರ್ ಓಡಿಸುತ್ತಿದ್ದಾರೆ. ಅವರ ಕೆಲಸದ ಬಗ್ಗೆ ಬರೆಯಲೆಂದು ಹಿಂದೆ ಕುಳಿತ ನನ್ನ ತೊಡೆಯ ಮೇಲೆ ಅವರ ಸಾಮಾನಿನ ಚೀಲ. ಗುಂಡಿ ಬಂದಾಗಲೆಲ್ಲ ನಾನು ಅಯ್ಯೋ ಅನ್ನುತ್ತೇನೆ, ಅವರಿಗೆ ಕೇಳಿಸುವುದಿಲ್ಲ. ಐದೂವರೆಗೆ ಬಂದ ಫೋನಿನ ದನಿಯೇ ಅವರ ಕಿವಿಯಲ್ಲಿದೆ: “ಅಕ್ಕ, ಬೇಗ ಬನ್ನಿ. ಅವ್ವ ಬ್ಯಾಗ್ ಇಟ್ಕಂಡು ಜಗಲೀಲಿ ಕುಂತೈತೆ. ಏಳು ಗಂಟೆ ಬಸ್ಸಿಗೆ ಕನಕಪುರದ ಮಗಳ ಮನೆಗೆ ಓಯ್ತೀನಿ, ಇನ್ನು ಈ ಹೊಸ್ಲು ತುಳಿಯಕ್ಕಿಲ್ಲ ಅಂತೈತೆ. ಎಲ್ಲಾ ನಿಮ್ಮ ವೈಫೈಯಿಂದ್ಲೇ!”

ನಗಬೇಡಿ. ನಾನೂ ಮೊದಲು ನಕ್ಕು ಬೈಸಿಕೊಂಡೆ.

ಮೂವತ್ತಾರರ ಭಾನುಪ್ರಿಯ ಮಾಗಡಿಯವರು. ಮೊದಲು ರಾಮನಗರದಲ್ಲಿ ಬಿಸಿನೀರಿಗೆ ಕೈಯದ್ದಿ ಗೂಡಿನಿಂದ ರೇಷ್ಮೆ ಎಳೆ ತೆಗೆಯುತ್ತಿದ್ದರು. ಬೆರಳ ಚರ್ಮ ಸುಲಿದಾಗ ಅದನ್ನು ಬಿಟ್ಟು, ಒಂದು ಸಣ್ಣ ಇಂಟರ್ನೆಟ್ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದರು. ದೂರಿಗೆ ಹೋಗುವವರೇ ಇಲ್ಲದ ಒಂದು ದಿನ ತಾವೇ ಹೋದರು. ಅದಾಗಿ ಏಳು ವರ್ಷ. ಈಗ ಮುನ್ನೂರ ಹನ್ನೆರಡು ಮನೆಗಳ ರೌಟರ್ ಅವರ ತಲೆಗೆ. ದಿನಕ್ಕೆ ಹದಿನೈದು ದೂರು, ಎಪ್ಪತ್ತು ಕಿಲೋಮೀಟರ್. ಅಷ್ಟು ಮನೆಗಳಲ್ಲಿ ಅವರ ಹೆಸರು ಬಲ್ಲವರು ಹತ್ತು ಜನ ಸಿಕ್ಕರೆ ಹೆಚ್ಚು, ಉಳಿದವರಿಗೆಲ್ಲ ವೈಫೈ ಅಕ್ಕ. “ಏಣಿ ಹತ್ತುವಾಗ ಗಂಡಸರು ಯಾರೂ ಇಲ್ವಾ ಅಂತಾರೆ. ಟಿವಿ ಬಂದ್ಮೇಲೆ ಕಾಫಿ ಕುಡೀರಿ ಅಂತಾರೆ,” ಎನ್ನುತ್ತಾರೆ.

ಈಚೆಗೆ ಬರುವ ದೂರುಗಳಲ್ಲಿ ಅರ್ಧ ಒಂದೇ ಜಾತಿಯವು. ಮನೆ ಪಾಲಾಗಿರುತ್ತದೆ, ರೌಟರ್ ಎರಡಾಗಿರುತ್ತದೆ, ಧಾರಾವಾಹಿ ನೋಡುವ ಆಪ್‌ನ ಚಂದಾ ಮಾತ್ರ ಒಂದೇ. ಆಪ್‌ನ ಲೆಕ್ಕದಲ್ಲಿ ಒಂದು ಮನೆಯೆಂದರೆ ಒಂದು ವೈಫೈ. ಟಿವಿಯನ್ನು ಬೇರೆ ವೈಫೈಗೆ ಸೇರಿಸಿದರೆ ‘ಈ ಟಿವಿ ಈ ಮನೆಯದಲ್ಲ’ ಎಂದು ಅದು ತಕರಾರು ತೆಗೆದು, ಚಂದಾದಾರರ ಫೋನಿಗೆ ಕೋಡ್ ಕಳಿಸುತ್ತದೆ. ಹದಿನೈದು ನಿಮಿಷದೊಳಗೆ ಕೋಡ್ ಒತ್ತಬೇಕು.

ಇಲ್ಲೂ ಅದೇ ಕಥೆ. ಹನುಮಂತಯ್ಯ ಅಣ್ಣ, ಬೆಳಿಗ್ಗೆ ಫೋನ್ ಮಾಡಿದ ಬಾಲರಾಜು ತಮ್ಮ. ನಡುವೆ ಗೋಡೆ, ಎರಡು ವರ್ಷದಿಂದ ಮಾತಿಲ್ಲ. ತಾಯಿ ಶಿವಲಿಂಗಮ್ಮ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಅವರ ಟಿವಿಯೂ ಅವರ ಹಿಂದೆಯೇ. ಬಾಲರಾಜು ಮನೆಯ ಸರದಿ ಶುರುವಾದದ್ದು ನಿನ್ನೆ. ಇಷ್ಟು ದಿನ ಅಣ್ಣನ ವೈಫೈಯೇ ಗೋಡೆ ದಾಟಿ ಬರುತ್ತಿತ್ತು. ಹೋದ ತಿಂಗಳು ಅಣ್ಣ ಪಾಸ್‌ವರ್ಡ್ ಬದಲಿಸಿದರು, ಬಾಲರಾಜು ಹೊಸ ರೌಟರ್ ಹಾಕಿಸಿದರು. “ಹಾಕಿದ್ದು ನಾನೇ,” ಎನ್ನುತ್ತಾರೆ ಭಾನುಪ್ರಿಯ, ಸ್ಕೂಟರ್ ವೇಗ ಹೆಚ್ಚಿಸುತ್ತಾ.

ನಾವು ಹೋದಾಗ ಆರು ನಲವತ್ತು. ಬಾಲರಾಜು ಅವರ ಹೆಂಡತಿ ಸುಮನಾ ಅಳುತ್ತಿದ್ದಾರೆ. “ನಿನ್ನೆ ಸಂಜೆ ಟಿವಿ ಮೇಲೆ ಬಂದ ಇಂಗ್ಲಿಷ್ ಓದಿ ಇವರಿಗೆ ಹೇಳ್ದೆ, ‘ಇದು ಈ ಮನೇದಲ್ವಂತೆ’ ಅಂತ. ಅತ್ತೆ ಆಗ್ಲೇ ಒಳಗ್ ಬಂದ್ರು ಅಕ್ಕ!” ನಮ್ಮ ಕಡೆ ಹೆಂಗಸರನ್ನೂ ‘ಇದು’, ‘ಅದು’ ಅಂತಲೇ ಹೇಳುವ ರೂಢಿ. ಶಿವಲಿಂಗಮ್ಮ ಟಿವಿಯತ್ತ ತಿರುಗಲೇ ಇಲ್ಲ. ಸೊಸೆ ಅಂದಿದ್ದು ತಮ್ಮನ್ನೇ ಎಂದುಕೊಂಡು ಊಟ ಬಿಟ್ಟರು.

ಭಾನುಪ್ರಿಯ ಸಮಾಧಾನ ಹೇಳಲು ಹೋಗುವುದಿಲ್ಲ. ಟಿವಿಯನ್ನು ಜಗಲಿಗೆ ಕಾಣುವಂತೆ ತಿರುಗಿಸುತ್ತಾರೆ. “ಅಜ್ಜಿ, ನೀವು ಆಚೆನೇ ಕುಂತಿರಿ. ನೀವು ಒಳಗಿಲ್ದಿದ್ರೂ ಅದೇ ಬತ್ತದಾ ನೋಡಿ.” ಟಿವಿ ಆರಿಸಿ ಮತ್ತೆ ಹಾಕುತ್ತಾರೆ. ಅದೇ ಬರಹ. ಶಿವಲಿಂಗಮ್ಮ ಕಣ್ಣು ಕಿರಿದು ಮಾಡುತ್ತಾರೆ. “ಅಂಗಾರೆ ತೆಗ್ಸು ಅದನ್ನ. ತೆಗುದ್ರೆ ನಂಬ್ತೀನಿ. ಬಸ್ ಬರಗಂಟ ಟೇಮ್ ಐತೆ.”

ಕೋಡ್ ಹೋಗಿದೆ. ಹೋಗಿರುವುದು ಚಂದಾ ಕಟ್ಟುವ ಹನುಮಂತಯ್ಯನವರ ಫೋನಿಗೆ, ಅವರು ಹಾಲಿನ ಡೈರಿಯಲ್ಲಿ. ಬಾಲರಾಜು ಕದಲುವುದಿಲ್ಲ. ವೈಫೈ ಅಕ್ಕ ಓಡುತ್ತಾರೆ, ಹಿಂದೆ ನಾನೂ ಏದುಸಿರು ಬಿಡುತ್ತಾ.

“ಅವ್ನ ಮನೆ ಟಿವಿಗೆ ನಾನ್ಯಾಕ್ ನಂಬರ್ ಕೊಡ್ಲಿ?” ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹನುಮಂತಯ್ಯ ಗುರುಗುಡುತ್ತಾರೆ.

“ಟಿವಿ ನಿಮ್ಮವ್ವಂದು ಅಣ್ಣ. ಅವ್ರು ಬಸ್ಸಿಗೆ ಕಾಯ್ತಾ ಕುಂತವ್ರೆ, ಇನ್ನು ಬರಕ್ಕಿಲ್ವಂತೆ.”

ಅವರ ಮುಖ ಕಪ್ಪಿಡುತ್ತದೆ. ಜೇಬಿನಿಂದ ಫೋನ್ ತೆಗೆದು ಹಾಗೇ ಭಾನುಪ್ರಿಯರ ಕೈಗೆ ತುರುಕುತ್ತಾರೆ. “ತಗಂಡೋಗು. ಓಗವ್ವ, ಬೇಗ ಓಗು.”

ವಾಪಸು ಓಡಿ ಬಂದು ಭಾನುಪ್ರಿಯ ಕೋಡ್ ಒತ್ತುತ್ತಾರೆ. ಒಂದಂಕಿ ತಪ್ಪುತ್ತದೆ. ಹೊರಗೆ ಬಸ್ಸಿನ ಹಾರನ್ ಕೇಳುತ್ತದೆ. ಎರಡನೇ ಸಲಕ್ಕೆ ಬರಹ ಮಾಯವಾಗಿ ಧಾರಾವಾಹಿಯ ಅತ್ತೆ ಸೊಸೆಯನ್ನು ಬೈಯತೊಡಗುತ್ತಾಳೆ.

ಬಸ್ಸು ನಿಂತು, ಹೊರಟೂ ಹೋಗುತ್ತದೆ. ಶಿವಲಿಂಗಮ್ಮ ಬ್ಯಾಗು ಎತ್ತಿಕೊಂಡು ಒಳಗೆ ಬಂದು, “ಒಸಿ ಸೌಂಡ್ ಕೊಡವ್ವ,” ಎನ್ನುತ್ತಾರೆ. ಸುಮನಾ ಕಣ್ಣೊರೆಸಿಕೊಂಡು ರೊಟ್ಟಿ ತಟ್ಟಲು ಕೂರುತ್ತಾರೆ.

ಫೋನ್ ಹಿಂತಿರುಗಿಸಲು ಡೈರಿಗೆ ನಡೆಯುವಾಗಲೂ ಭಾನುಪ್ರಿಯರ ಮುಖದಲ್ಲಿ ನಿರಾಳವಿಲ್ಲ. ಸರಿಹೋಯಿತಲ್ಲ, ಇನ್ನೇನು ಚಿಂತೆ ಎನ್ನುತ್ತೇನೆ.

“ಈ ಕೋಡು ಹದಿನೈದು ದಿನಕ್ಕೆ ಅಷ್ಟೇ ಸಾರ್, ಆಮೇಲೆ ಮತ್ತೆ ಕೇಳ್ತದೆ. ಹದಿನಾಲ್ಕನೇ ದಿನವೇ ನಾನು ಬತ್ತೀನಿ, ಅಜ್ಜಿ ಏಳೋಕೆ ಮುಂಚೆ. ಅವ್ರಿಗೆ ಆ ಬರಹ ಇನ್ನೊಂದು ಸಲ ಕಾಣಬಾರ್ದು.”