ಹಿತ್ತಲ ಬಾಗಿಲ ಪಕ್ಕದ ಕಂಡಿ

ಮರಿತಾಯಮ್ಮನಿಗೆ ಇಬ್ಬರ ಚಿಂತೆ. ಒಬ್ಬ, ಬಂದರೆ ಸಾಕಪ್ಪ ಎಂದು ಅವಳು ಕಾಯುತ್ತಿದ್ದ ತಮ್ಮ. ಇನ್ನೊಬ್ಬ, ಬಾರದಿದ್ದರೆ ಸಾಕಪ್ಪ ಎಂದು ಅವಳು ಹೆದರುತ್ತಿದ್ದ ಕಳ್ಳ. ಏನು ಮಾಡುವುದು, ಇಬ್ಬರಿಗೂ ದಾರಿ ಒಂದೇ ಆಗಿತ್ತು. ಇಬ್ಬರೂ ಹಿತ್ತಲ ಕಡೆಯಿಂದಲೇ ಬರಬೇಕು.

ಹೆಮ್ಮಿಗೆಯ ಕೊನೆಯ ಬೀದಿಯಲ್ಲಿ ಅವಳ ಮನೆ. ಗಂಡ ಕರಿಯಯ್ಯ ತಿ. ನರಸೀಪುರದ ಹಾಸ್ಟೆಲೊಂದರಲ್ಲಿ ಅಡುಗೆಯವನು. ಶನಿವಾರ ಸಂಜೆ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದ. ಮಿಕ್ಕ ದಿನವೆಲ್ಲ ಮನೆಯಲ್ಲಿ ಅವಳು, ಮಗಳು ಕೋಮಲ, ಇಬ್ಬರೇ. ಹಿತ್ತಲಲ್ಲಿ ಎರಡು ತೆಂಗು, ಒಂದು ನುಗ್ಗೆ ಮರ, ಒಂದು ಸಾಲು ಕನಕಾಂಬರ, ಮತ್ತೆ ಒಂದಿಷ್ಟು ರಸಬಾಳೆ. ರೋಗ ಬಿದ್ದು ಎಲ್ಲರ ತೋಟದ ರಸಬಾಳೆಯೂ ನಿಂತಲ್ಲೇ ಒಣಗುತ್ತಿದ್ದ ಕಾಲ ಅದು. ಇವಳ ಹಿತ್ತಲಲ್ಲಿ ಮಾತ್ರ ಅದು ಹೇಗೋ ಜೀವ ಹಿಡಿದಿತ್ತು. ಗೊನೆ ಹಣ್ಣಾದರೆ ಘಮಲು ಬೀದಿ ತುದಿಗೆ ಬರುತ್ತಿತ್ತು. ನಾಲ್ಕು ಜನ ಹೊಗಳುತ್ತಿದ್ದರು, ಅವಳು ಉಬ್ಬಿಹೋಗುತ್ತಿದ್ದಳು.

ತಮ್ಮನ ಹೆಸರು ಸಿದ್ದು. ಮೂವತ್ತು ದಾಟಿದ್ದರೂ ಮಗುವಿನ ಮನಸ್ಸು, ಬುದ್ಧಿ ಒಂದು ಕಡೆ ನಿಲ್ಲದು. ಅವ್ವ ತೀರಿಹೋದ ಮೇಲೆ ಅಕ್ಕನ ಸೆರಗು ಹಿಡಿದುಕೊಂಡೇ ಹೆಮ್ಮಿಗೆಗೆ ಬಂದವನು. ಬಂದವನು ನೆಟ್ಟಗೆ ಇದ್ದನೇ? ಇಲ್ಲ. ಒಂದು ದಿನ ಹೇಳದೆ ಕೇಳದೆ ಎದ್ದು ಹೋಗುವನು. ಮುಡುಕುತೊರೆ ಬೆಟ್ಟದ ಮೆಟ್ಟಿಲ ಮೇಲೆ ಕೂತಿದ್ದ ಎಂದು ಒಬ್ಬರು, ತಲಕಾಡಿನ ಮರಳಲ್ಲಿ ಮಲಗಿದ್ದ ಎಂದು ಇನ್ನೊಬ್ಬರು, ನಂಜನಗೂಡಿನ ದೇವಸ್ಥಾನದ ಹತ್ತಿರ ಊಟಕ್ಕೆ ಸಾಲಿನಲ್ಲಿ ನಿಂತಿದ್ದ ಎಂದು ಮತ್ತೊಬ್ಬರು ಬಂದು ಹೇಳುವರು. ತಿಂಗಳೋ ಎರಡು ತಿಂಗಳೋ ಕಳೆದು ಅಕ್ಕನ ನೆನಪಾದಾಗ ತಾನಾಗಿಯೇ ಬರುವನು. ಬಂದರೆ ಕೂಗುವವನಲ್ಲ, ಬಾಗಿಲು ಬಡಿಯುವವನಲ್ಲ. ಕಂಡವರ ಬಾಗಿಲಲ್ಲೆಲ್ಲ ಬೈಸಿಕೊಂಡು ಓಡಿಸಿಕೊಂಡವನಿಗೆ ಬಾಗಿಲು ಬಡಿಯುವುದೆಂದರೇ ನಡುಕ.

ಆದರೆ ಅಕ್ಕನ ಮನೆಯ ಬಾಗಿಲನ್ನು ಬಡಿಯಬೇಕಾಗಿರಲಿಲ್ಲ. ಹಿತ್ತಲ ಬಾಗಿಲ ಪಕ್ಕದ ಮಣ್ಣುಗೋಡೆಯಲ್ಲಿ ಒಂದು ಕೈ ಹಿಡಿಯುವಷ್ಟು ಕಂಡಿ ಇತ್ತು. ಕೈ ತೂರಿಸಿ ಒಳಗಿನ ಮರದ ಅಗಳಿ ಸರಿಸಿದರೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಹೊಲದಿಂದ ಹಿಂದೆ ಮುಂದೆ ಬರುವ ಮನೆಯವರಿಗೆಂದು ಕರಿಯಯ್ಯನ ಅಪ್ಪ ಮನೆ ಕಟ್ಟುವಾಗಲೇ ಬಿಟ್ಟಿದ್ದ ಕಂಡಿ ಅದು. ಸಿದ್ದು ಬೇಲಿಯಲ್ಲಿ ನುಗ್ಗೆ ಮರದ ಪಕ್ಕದ ಸಂದಿಯಿಂದ ನುಸುಳಿ, ಕಂಡಿಗೆ ಕೈ ಹಾಕಿ, ಒಳಗೆ ಬಂದು, ಅಕ್ಕ ಮಂಕರಿ ಬುಟ್ಟಿ ಮುಚ್ಚಿಟ್ಟಿರುತ್ತಿದ್ದ ಮುದ್ದೆಯನ್ನು ಉಣ್ಣುತ್ತಿದ್ದ. ಉಂಡ ತಟ್ಟೆಯನ್ನು ತೊಳೆದು ಒರಳುಕಲ್ಲಿನ ಮೇಲೆ ಬೋರಲು ಹಾಕುತ್ತಿದ್ದ. ಅವ್ವ ಅವನಿಗೆ ಕಲಿಸಲು ಸಾಧ್ಯವಾದದ್ದು ಅದೊಂದೇ, ಅದನ್ನು ಅವನು ಒಂದು ದಿನವೂ ಮರೆತವನಲ್ಲ. ಮರಿತಾಯಮ್ಮ ಬೆಳಗ್ಗೆ ಎದ್ದವಳು ಮೊದಲು ನೋಡುತ್ತಿದ್ದದ್ದು ದೇವರ ಪಟವನ್ನಲ್ಲ, ಒರಳುಕಲ್ಲನ್ನು. ತಟ್ಟೆ ಬೋರಲು ಬಿದ್ದಿದ್ದರೆ ತಮ್ಮ ಕೊಟ್ಟಿಗೆಯ ಹುಲ್ಲಿನ ಮೇಲೆ ಮಲಗಿದ್ದಾನೆಂದೇ ಲೆಕ್ಕ. ಆವತ್ತು ಅವಳ ಕೈಯ ಸಾರಿಗೆ ಬೇರೆಯೇ ರುಚಿ ಬರುತ್ತಿತ್ತು ಎಂದು ಕೋಮಲ ರೇಗಿಸುತ್ತಿದ್ದಳು.

ತೊಂಬತ್ತೆಂಟರ ಬೇಸಿಗೆಯಲ್ಲಿ ಕಳ್ಳರ ಕಾಟ ಹತ್ತಿಕೊಂಡಿತು. ಮೊದಲು ಬಲಿತ ಬಾಳೆಗೊನೆ ಹೋಯಿತು. ಆಮೇಲೆ ಕೋಳಿಗಳು. ಒಂದು ಭಾನುವಾರ ಮೂವರೂ ತಲಕಾಡಿಗೆ ನೆಂಟರ ಮನೆಗೆ ಹೋಗಿ ಬರುವಷ್ಟರಲ್ಲಿ ಯಾವನೋ ಕಂಡಿಗೆ ಕೈ ಹಾಕಿ ಬಾಗಿಲು ತೆಗೆದು, ತಾಮ್ರದ ಹಂಡೆ, ಎರಡು ರೇಷ್ಮೆ ಸೀರೆ ಎತ್ತಿಕೊಂಡು ಹೋಗಿದ್ದ. ಕೋಮಲಳ ಮದುವೆ ಗೊತ್ತಾಗಿತ್ತು. ಅವಳಿಗೆಂದು ಮಾಡಿಸಿದ್ದ ಓಲೆ, ಸರ ರಾಗಿ ಗುಡಾಣದ ತಳದಲ್ಲಿದ್ದದ್ದಕ್ಕೆ ಉಳಿದುಕೊಂಡವು.

ಪಕ್ಕದ ಮನೆಯ ಮಹದೇವಮ್ಮ ಸಮಾಧಾನ ಹೇಳಲು ಬಂದವಳು ಬೈದೇ ಹೋದಳು. "ಕಳ್ಳುನ್ಗೆ ಕೈಯಾಕಕ್ಕೆ ಅಂತ್ಲೇ ತೂತ ಮಡುಗ್ಬುಟ್ಟು, ಕದ್ಕೊಂಡೋದ ಅಂತ ಅತ್ರೆ ಯಾರ್ ಕೇಳಾರು ಮರಿತಾಯಕ್ಕ?"

ಕರಿಯಯ್ಯನೂ ಅದನ್ನೇ ಹೇಳಿದ. "ಬರೋ ಸನಿವಾರ ಗಾರೆಯವ್ನ ಕರ್ಕೊಂಡೇ ಬತ್ತೀನಿ. ಬೇಲಿ ಕಿತ್ತು ಕಾಂಪೌಂಡು ಆಕ್ಸದು, ಆ ಕಂಡಿ ಮುಚ್ಸದು."

"ಸಿದ್ದು ಬಂದ್ರೆ?"

"ಬಂದ್ರೆ ಕೂಗ್ತಾನೆ ಕಣಮ್ಮಿ. ಬಾಯಿಲ್ವಾ ಅವ್ನಿಗೆ?"

"ಅವ್ನು ಯಾವತ್ತು ಕೂಗವ್ನೆ?"

ಕರಿಯಯ್ಯ ರಾಗಿ ಗುಡಾಣದ ಕಡೆ ನೋಡಿದ. "ಮಗೀನ ಒಡವೆ ಮನೇಲದೆ, ನೀವಿಬ್ರೇ ಎಂಗಸ್ರು. ಅಲ್ಲಿ ಅನ್ನ ಬಸಿಯೋವಾಗ್ಲೂ ನಂಗೆ ಇಲ್ಲೀದೇ ಗ್ಯಾನ."

ಆ ಮಾತಿಗೆ ಅವಳು ಕರಗಿದಳು. ಒಪ್ಪಿದ ಮೇಲೆ ಅರೆಮನಸ್ಸಿನ ಕೆಲಸ ಅವಳದಲ್ಲ. ಗೋಡೆ ಏಳುವಾಗ ಸೋಡಾ ಅಂಗಡಿಯ ಹಿಂದಿನಿಂದ ಒಡೆದ ಬಾಟಲಿಗಳನ್ನು ಅವಳೇ ಆಯ್ದು ತಂದಳು. ಗೋಣಿಯಲ್ಲಿ ಹಾಕಿ ಕುಟ್ಟಿ, ಹಸಿ ಸಿಮೆಂಟಿನ ಮೇಲೆ ಒಂದೊಂದೇ ಚೂರನ್ನು ಮೊನೆ ಮೇಲಾಗಿ ಸಿಕ್ಕಿಸಿದಳು. ನುಗ್ಗೆ ಮರದ ಹತ್ತಿರವಂತೂ ಒತ್ತೊತ್ತಾಗಿ ಸಿಕ್ಕಿಸಿದಳು, ಹಳೇ ದಾರಿ ಅದೇ ತಾನೆ, ಕಳ್ಳ ಬಂದರೆ ಅಲ್ಲಿಂದಲೇ ಬರುವುದು ಎಂದು. ಮುಂದೆ ಕಬ್ಬಿಣದ ಗೇಟಿಗೆ ಬೀಗ ಬಿತ್ತು. ಕಂಡಿಗೆ ಇಟ್ಟಿಗೆ ಚೂರು ತುಂಬಿ ಗಾರೆ ಮೆತ್ತಿದರು, ಮೇಲೆ ಸುಣ್ಣ ಬಳಿದರು. ಅಲ್ಲಿ ಕಂಡಿಯಿತ್ತೆಂದು ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ.

ಇಷ್ಟಾದ ಮೇಲೂ ಅವಳಿಗೆ ಮನಸ್ಸು ತಡೆಯದು. ಮುಡುಕುತೊರೆ ಕಡೆಗೆ ಹೋಗುವವರು ಯಾರೇ ಸಿಕ್ಕಲಿ, ನಿಲ್ಲಿಸಿ ಹೇಳುವಳು: "ನಮ್ ಸಿದ್ದು ಕಂಡ್ರೆ ಏಳಿ ಕಣ್ರಪ್ಪ. ಮುಂದ್ಗಡೆ ಗೇಟ್ತವು ಬಂದು ಅಕ್ಕಾ ಅಂತ ಒಂದ್ಸಲ ಕೂಗ್ಲಿ, ಸಾಕು." ಅವರು ಆಗಲಿ ಎನ್ನುವರು. ಹೇಳಿದರೋ ಬಿಟ್ಟರೋ ಯಾರಿಗೆ ಗೊತ್ತು.

ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಬೇಸಿಗೆಗೆ ಮೊದಲೇ ಹೋದ ಸಿದ್ದು ಈ ಸಲ ಇನ್ನೂ ಬಂದಿರಲಿಲ್ಲ. ಒಂದು ಬೆಳಗ್ಗೆ ಹಿತ್ತಲಿಗೆ ಬಂದವಳು ನುಗ್ಗೆ ಮರದ ಹತ್ತಿರ ಗೋಡೆಯ ಮೇಲಿನ ಗಾಜು ಕೆಂಪಾಗಿರುವುದನ್ನು ಕಂಡಳು. ಗೋಡೆಯ ಒಳಮೈಯಲ್ಲೂ ರಕ್ತ ಇಳಿದು ಒಣಗಿತ್ತು. ಮನೆಯೊಳಗಿಂದ ಒಂದು ಲೋಟವೂ ಹೋಗಿರಲಿಲ್ಲ. ಅವಳಿಗಾದ ಸಂತೋಷಕ್ಕೆ ಪಾರವಿಲ್ಲ. "ಬಾರೇ ಮಾದೇವಿ, ಬಂದು ನೋಡೇ, ಕಳ್ಳ ಕೈ ಕುಯ್ಸ್ಕೊಂಡವ್ನೆ!" ಎಂದು ಕೂಗಿ ಬೀದಿಯನ್ನೇ ಸೇರಿಸಿದಳು.

"ಸರ್ಯಾಗಿ ಸಾಸ್ತಿ ಆಯ್ತು ಬುಡಕ್ಕ," ಎಂದಳು ಮಹದೇವಮ್ಮ.

"ಇನ್ನೊಂದ್ ದಪ ಬರ್ಲಿ. ಇರೋ ಇನ್ನೊಂದ್ ಕೈಯೂ ಓಯ್ತದೆ," ಎಂದು ಮರಿತಾಯಮ್ಮ ನಕ್ಕಳು. ನಿಂತಿದ್ದವರೆಲ್ಲ ನಕ್ಕರು. ಅವಳ ಬಾಯಿಂದ ಆ ಮಾತು ಬರಬಾರದಿತ್ತು.

ಕೋಮಲ ಬಾಗಿಲ ಹತ್ತಿರ ಕಸ ಗುಡಿಸುತ್ತಿದ್ದಳು. "ಅವ್ವಾ, ಇಲ್ಲೂ ಅದೆ," ಎಂದಳು.

ಬಾಗಿಲ ಮೇಲೆ ಏನೂ ಇರಲಿಲ್ಲ. ಯಾರೂ ಅದನ್ನು ನೂಕಿರಲಿಲ್ಲ, ಮೀಟಿರಲಿಲ್ಲ. ರಕ್ತವಿದ್ದದ್ದು ಪಕ್ಕದ ಗೋಡೆಯ ಬಿಳಿ ಸುಣ್ಣದ ಮೇಲೆ. ನಾಲ್ಕು ಬೆರಳಿನ ಗುರುತು. ಒಂದು ಕಡೆಯಲ್ಲ, ಅಲ್ಲೇ ಮೇಲೆ, ಅಲ್ಲೇ ಕೆಳಗೆ, ಆಚೆ, ಈಚೆ, ತಡವಿದ್ದಾನೆ, ಮತ್ತೆ ಮತ್ತೆ ತಡವಿದ್ದಾನೆ. ಗಾರೆ ಮೆತ್ತಿದ್ದ ಜಾಗದ ಸುತ್ತಲೇ ಆ ಬೆರಳು ಓಡಾಡಿತ್ತು. ಕಳ್ಳನಾಗಿದ್ದರೆ ಬಾಗಿಲನ್ನು ಮೀಟುತ್ತಿದ್ದ. ಸಿಗದ ಕಂಡಿಗಾಗಿ ಹೀಗೆ ಗೋಡೆ ತಡವುವ ಕೈ ಲೋಕದಲ್ಲಿ ಒಂದೇ.

ಮರಿತಾಯಮ್ಮ ನಿಂತಲ್ಲೇ ಕುಸಿದಳು. "ನನ್ ಕೂಸು ಕಂಡಿ ಉಡುಕ್ಬುಟ್ಟು ಓಗದೆ ಕಣೇ ಕೋಮಲಾ! ಸಿಕ್ನಿಲ್ಲ ಕಣೇ ಅದುಕ್ಕೆ!" ಎಂದು ಎದೆ ಎದೆ ಬಡಿದುಕೊಂಡಳು. ಈಗಷ್ಟೇ ನಕ್ಕಿದ್ದವರು ಒಬ್ಬೊಬ್ಬರಾಗಿ ಹಿತ್ತಲು ಬಿಟ್ಟು ಹೋದರು.

ಹುಡುಕದ ಜಾಗವಿಲ್ಲ. ತಲಕಾಡಿನ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು, ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಒಬ್ಬನಿಗೆ ಟೀ ಕೊಟ್ಟೆ, ಕುಡಿದು ಲೋಟವನ್ನು ಬೋರಲಿಟ್ಟು ಹೋದ ಎಂದ. ಅಷ್ಟೇ. ಬೆಟ್ಟದ ಮೆಟ್ಟಿಲ ಮೇಲೂ ಇಲ್ಲ, ಮರಳಲ್ಲೂ ಇಲ್ಲ, ನಂಜನಗೂಡಿನ ಊಟದ ಸಾಲಿನಲ್ಲೂ ಇಲ್ಲ. ಆ ಶನಿವಾರ ಕರಿಯಯ್ಯ ಬಂದವನು ಚೀಲ ಕೂಡ ಇಳಿಸದೆ ಹಾರೆ ತೆಗೆದುಕೊಂಡು ಗಾರೆಯನ್ನು ಕುಟ್ಟಿ ಉದುರಿಸಿದ. ನುಗ್ಗೆ ಮರದ ಹತ್ತಿರದ ಗಾಜನ್ನೆಲ್ಲ ಕಲ್ಲಿನಿಂದ ಜಜ್ಜಿ ಪುಡಿ ಮಾಡಿದ. ಆಮೇಲೆ ಬಾಳೆಯ ಬುಡದಲ್ಲಿ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಹೆಂಡತಿ ಅವನನ್ನು ಬೈಯಲಿಲ್ಲ. ಯಾರನ್ನು ಬೈಯುವುದು? ಗಾಜು ಸಿಕ್ಕಿಸಿದ ಕೈ ತನ್ನದೇ.

ಮಾಘದಲ್ಲಿ ಕೋಮಲಳ ಮದುವೆಯಾಯಿತು. ಹುಡುಗಿಯನ್ನು ಸೋದರಮಾವ ಕೈಹಿಡಿದು ಹಸೆಮಣೆಗೆ ಕರೆತರಬೇಕು. ದೂರದ ನೆಂಟನೊಬ್ಬನನ್ನು ಮುಂದೆ ಮಾಡಿದರು. ಕೋಮಲ ಅವನ ಕೈ ಹಿಡಿಯಲೊಲ್ಲದೆ ಅವ್ವನ ಕೈ ಹಿಡಿದು ಬಂದು ಕೂತಳು. ಜನ ಏನೋ ಗುಸುಗುಸು ಎಂದರು, ಎನ್ನಲಿ.

ವರ್ಷಗಳು ಹೋದವು. ರಸಬಾಳೆಗೂ ಕೊನೆಗೆ ರೋಗ ತಗುಲಿ ಒಂದೊಂದೇ ಬುಡ ಒಣಗಿತು, ಅವಳು ಹೊಸದು ನೆಡಲಿಲ್ಲ. ಕಂಡಿಯನ್ನು ಮಾತ್ರ ಮುಚ್ಚಲಿಲ್ಲ. ಬುದ್ಧಿ ಹೇಳುವವರು ಹೇಳಿ ಹೇಳಿ ಸುಸ್ತಾದರು.

ಎರಡು ಸಾವಿರದ ನಾಲ್ಕರಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ಮಂಕರಿ ಪಕ್ಕಕ್ಕೆ ಸರಿದಿದೆ, ಮುದ್ದೆ ಇಲ್ಲ, ಹಿತ್ತಲ ಬಾಗಿಲು ತೆರೆದಿದೆ. ಮರಿತಾಯಮ್ಮನ ಕಾಲು ನೆಲಕ್ಕೆ ತಾಗಲಿಲ್ಲ. "ಬಂದ! ಬಂದ ಕಣಪ್ಪಾ!" ಎಂದು ಒರಳುಕಲ್ಲಿನ ಹತ್ತಿರ ಓಡಿದಳು. ಕಲ್ಲಿನ ಮೇಲೆ ಏನೂ ಇರಲಿಲ್ಲ. ತಟ್ಟೆ ಒಲೆಯ ಮುಂದೆ ನೆಲದ ಮೇಲೆ ಬಿದ್ದಿತ್ತು. ಸಾರು ಅಂಟಿಕೊಂಡೇ ಇತ್ತು, ಅದರಲ್ಲೇ ಯಾರೋ ಕೈ ತೊಳೆದಿದ್ದರು. ಆಮೇಲೆ ನೋಡಿದರೆ ಹೊಸ ಹಂಡೆ ಇಲ್ಲ, ಅಳಿಯ ಕೊಡಿಸಿದ್ದ ಮಿಕ್ಸಿ ಇಲ್ಲ.

ಸುದ್ದಿ ತಿಳಿದು ಬೀದಿಯವರೆಲ್ಲ ಬಂದರು. ಮರಿತಾಯಮ್ಮ ಆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಓದ್ರೆ ಓಗ್ಲಿ ಬುಡಕ್ಕ, ಸಾಮಾನ್ ತಾನೆ," ಎಂದಳು ಮಹದೇವಮ್ಮ.

"ಸಾಮಾನ್ಗಲ್ಲ ಕಣವ್ವ," ಎಂದಳು ಅವಳು. "ತಟ್ಟೆ ಬೋರ್ಲಾಕಿಲ್ಲ ನೋಡು."

ಶನಿವಾರ ಕರಿಯಯ್ಯ ಬಂದು ಎಲ್ಲ ಕೇಳಿದ. ಕಂಡಿಯ ಮಾತು ಅವನು ಎತ್ತಲಿಲ್ಲ. ಅವಳು ಮೂರು ಮುದ್ದೆ ಕಟ್ಟಿದಳು. ಇಬ್ಬರೂ ಉಂಡ ಮೇಲೆ ಮಿಕ್ಕ ಒಂದನ್ನು ಅದೇ ತಟ್ಟೆಯಲ್ಲಿಟ್ಟು ಮಂಕರಿ ಮುಚ್ಚಿದಳು.